ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಗದ್ಯಭಾಗ: ಓದಿ ಗ್ರಹಿಸುವ ಬಗೆ

ಪದವಿ ಶಿಕ್ಷಣ ಮುಗಿಸಿದ ಯುವಜನರು ನಿರ್ವಹಣಾ ಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಸೇರಲು ಬರೆಯಬೇಕಾದ ಪರೀಕ್ಷೆಗಳಲ್ಲಿ ‘ಕ್ಯಾಟ್’ ಎಂದು ಹೆಸರಾಗಿರುವ ಸಾಮಾನ್ಯ ಪ್ರವೇಶ ಪರೀಕ್ಷೆ ಮುಖ್ಯವಾದುದು. ಭಾರತೀಯ ನಿರ್ವಹಣಾ ಸಂಸ್ಥೆಗಳು (ಐ.ಐ.ಎಂ.) ಸರದಿಯಂತೆ ವರ್ಷಕ್ಕೊಮ್ಮೆ ಇದನ್ನು ನಡೆಸುತ್ತವೆ. 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದುಗಳಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆಗಳ ಸಂಖ್ಯೆ ಈಗ 20ನ್ನು ಮೀರಿದೆ. ಯಾವುದೇ ವಿಷಯದಲ್ಲಿ ಶೇಕಡಾ 50 ಅಂಕಗಳೊಡನೆ ಪದವಿ ಪಡೆದವರು ಪರೀಕ್ಷೆಗೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ವಿಕಲಚೇತನ ಅಭ್ಯರ್ಥಿಗಳಿಗೆ ಈ ಮಿತಿ ಶೇಕಡಾ 45.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಈ ಪರೀಕ್ಷೆಗೆ ಕುಳಿತುಕೊಳ್ಳುವವರು ಹಲವರಿದ್ದಾರೆ. ಲೆಕ್ಕದಲ್ಲಿ ಗಟ್ಟಿಗರಾದರೂ ಇಂಗ್ಲಿಷ್ ವಿಭಾಗಕ್ಕೆ ಹೆದರಿ ಅರ್ಜಿಯನ್ನೇ ಹಾಕದವರೂ ಇದ್ದಾರೆ. ಈ ಹೆದರಿಕೆ ಸಂಪೂರ್ಣ ನಿರಾಧಾರವಾದುದಲ್ಲ. ಪ್ರತಿಷ್ಠಿತ ಸಂಸ್ಥೆಗಳು ಒಟ್ಟು ಅಂಕವನ್ನಷ್ಟೇ ನೋಡದೆ ಪ್ರತಿಯೊಂದು ವಿಭಾಗದಲ್ಲೂ ಕನಿಷ್ಠ ಪರ್ಸೆಂಟೈಲ್ ನಿಗದಿಪಡಿಸುತ್ತವೆ. ಗಣಿತದಲ್ಲಿ ಎಷ್ಟೇ ಎತ್ತರಕ್ಕೆ ಏರಿದರೂ ಭಾಷಾ ವಿಭಾಗದಲ್ಲಿ ಆ ಗೆರೆಯನ್ನು ದಾಟದವರಿಗೆ ಸಂದರ್ಶನದ ಕರೆ ಬರುವುದಿಲ್ಲ. ಆದರೆ ಹೆದರಿಕೆಯ ಕಾರಣವನ್ನು ಹೆಚ್ಚಿನವರು ತಪ್ಪಾಗಿ ತಿಳಿದಿರುತ್ತಾರೆ. ತಮಗೆ ಇಂಗ್ಲಿಷ್ ಪದಗಳು ಸಾಲವು, ತಮ್ಮ ಓದು ನಿಧಾನ ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಈ ವಿಭಾಗ ಅಳೆಯುವುದು ಬೇರೆಯದನ್ನು.

ಪರೀಕ್ಷೆಯ ಸ್ವರೂಪ

2009ರಿಂದ ಈ ಪರೀಕ್ಷೆಯನ್ನು ಕಂಪ್ಯೂಟರ್ ಮೂಲಕ ನಡೆಸಲಾಗುತ್ತಿದೆ. 2020ರಲ್ಲಿ ಅವಧಿಯನ್ನು ಮೂರು ಗಂಟೆಗಳಿಂದ ಎರಡು ಗಂಟೆಗಳಿಗೆ ಇಳಿಸಲಾಯಿತು. ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಒಂದು ವಿಭಾಗದ ಅವಧಿ ಮುಗಿಯುವ ಮುನ್ನ ಇನ್ನೊಂದಕ್ಕೆ ಹೋಗುವಂತಿಲ್ಲ. ಮೊದಲು ಬರುವುದೇ ಭಾಷಾ ಸಾಮರ್ಥ್ಯ ಮತ್ತು ಓದಿನ ಗ್ರಹಿಕೆಯ ವಿಭಾಗ. 2024ರ ಪರೀಕ್ಷೆಯಲ್ಲಿ ಒಟ್ಟು 68 ಪ್ರಶ್ನೆಗಳಿದ್ದು, ಅವುಗಳಲ್ಲಿ 24 ಈ ವಿಭಾಗಕ್ಕೆ ಸೇರಿದ್ದವು. ನಾಲ್ಕು ಗದ್ಯಭಾಗಗಳು, ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆಗಳು, ಹೀಗೆ 16. ಉಳಿದ ಎಂಟು ಪ್ರಶ್ನೆಗಳು ವಾಕ್ಯಗಳನ್ನು ಕ್ರಮಪಡಿಸುವುದು, ಸಾರಾಂಶವನ್ನು ಗುರುತಿಸುವುದು ಮುಂತಾದವು. ಪದದ ಅರ್ಥವೇನು, ವಿರುದ್ಧ ಪದ ಯಾವುದು ಎಂಬಂಥ ನೇರ ಪ್ರಶ್ನೆಗಳು ಇತ್ತೀಚಿನ ವರ್ಷಗಳಲ್ಲಿ ಕಾಣುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯಗಳಿಗಾಗಿ ಬರೆಯುವ ಜಿ.ಆರ್.ಇ. ಪರೀಕ್ಷೆಯ ಮಾತು ಬೇರೆ. ಬಿಟ್ಟ ಸ್ಥಳಕ್ಕೆ ತಕ್ಕ ಪದವನ್ನು ಆರಿಸುವ ಪ್ರಶ್ನೆಗಳು ಅದರಲ್ಲಿ ಇಂದಿಗೂ ಉಂಟು.

ವೇಗದ ಪ್ರಶ್ನೆ

ನಿಮಿಷಕ್ಕೆ ಸಾವಿರ ಪದಗಳನ್ನು ಓದಲು ಕಲಿಸುತ್ತೇವೆಂಬ ಜಾಹೀರಾತುಗಳು ನಗರಗಳಲ್ಲಿ ಹೇರಳವಾಗಿವೆ. ಅವುಗಳಿಗೆ ಹಣ ತೆರುವ ಮುನ್ನ ಅಭ್ಯರ್ಥಿಗಳು ಒಂದು ಸರಳ ಲೆಕ್ಕವನ್ನು ಮಾಡುವುದು ಒಳ್ಳೆಯದು. ಒಂದು ಗದ್ಯಭಾಗದಲ್ಲಿ ಸುಮಾರು 500 ಪದಗಳೆಂದು ಇಟ್ಟುಕೊಂಡರೆ ನಾಲ್ಕರಲ್ಲಿ 2000 ಪದಗಳಾದವು. ನಿಮಿಷಕ್ಕೆ 200 ಪದಗಳ ಸಾಧಾರಣ ವೇಗದಲ್ಲಿ ಇವನ್ನು ಓದಲು ಹತ್ತು ನಿಮಿಷ ಸಾಕು. ವೇಗವನ್ನು ಇಮ್ಮಡಿಗೊಳಿಸಿದರೆ ಉಳಿಯುವುದು ಐದು ನಿಮಿಷ ಮಾತ್ರ. ಅರ್ಥವಾಗದೆ ಓದಿದ ಗದ್ಯಭಾಗಕ್ಕೆ ಪ್ರತಿಯೊಂದು ಪ್ರಶ್ನೆಗೂ ಮರಳಿ ಹೋಗಬೇಕಾಗುವುದರಿಂದ ಆ ಐದು ನಿಮಿಷಗಳು ಮೊದಲ ಗದ್ಯಭಾಗದಲ್ಲೇ ಕರಗಿಹೋಗುತ್ತವೆ. ಆದ್ದರಿಂದ 40 ನಿಮಿಷಗಳಲ್ಲಿ ದೊಡ್ಡ ಪಾಲನ್ನು ನುಂಗುವುದು ಓದಲ್ಲ, ಎರಡು ಉತ್ತರಗಳ ನಡುವಣ ತೂಗುಯ್ಯಾಲೆ.

ಇಂಗ್ಲಿಷ್ ಓದುವ ವಯಸ್ಕರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬರ್ಟ್ 2019ರಲ್ಲಿ ಲೆಕ್ಕ ಹಾಕಿದಂತೆ, ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದಗಳು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ. ನೆಗೆಯುತ್ತ, ನಿಲ್ಲುತ್ತ ಹೋಗುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡಿನದು. ಆಗಾಗ್ಗೆ ಅದು ಹಿಂದಕ್ಕೂ ನೆಗೆಯುತ್ತದೆ. ಈ ಹಿಂಜಿಗಿತವನ್ನು ದೋಷವೆಂದು ಬಗೆದು ನಿವಾರಿಸಲು ವೇಗವಾಚನದ ತರಗತಿಗಳು ಯತ್ನಿಸುತ್ತವೆ. ಕೀತ್ ರೇನರ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದ, 2016ರಲ್ಲಿ ಪ್ರಕಟವಾದ ವಿಸ್ತೃತ ಸಮೀಕ್ಷೆಯು ಇದಕ್ಕೆ ವಿರುದ್ಧವಾದ ನಿರ್ಣಯಕ್ಕೆ ಬಂದಿತು: ಹಿಂದಕ್ಕೆ ಹೋಗುವುದು ಅರ್ಥವನ್ನು ಸರಿಪಡಿಸಿಕೊಳ್ಳಲು ನೆರವಾಗುತ್ತದೆ, ವೇಗ ಮಿತಿಮೀರಿದಂತೆ ಗ್ರಹಿಕೆ ಕುಗ್ಗುತ್ತದೆ, ಭಾಷೆಯ ಪರಿಚಯ ಹೆಚ್ಚಿದಂತೆ ವೇಗ ತಾನಾಗಿ ಬರುತ್ತದೆ.

ಕನ್ನಡದ ಕ್ರಮ, ಇಂಗ್ಲಿಷಿನ ಕ್ರಮ

ಕನ್ನಡದಲ್ಲಿ ಯೋಚಿಸುವವರಿಗೆ ಇಂಗ್ಲಿಷ್ ಗದ್ಯಭಾಗ ಭಾರವೆನಿಸಲು ಒಂದು ವಿಶೇಷ ಕಾರಣವಿದೆ. ಇದರ ಕಡೆಗೆ ತರಬೇತಿ ಪುಸ್ತಕಗಳು ಗಮನ ಹರಿಸುವುದು ಅಪರೂಪ. ‘ಬಂದರು ನಗರಗಳಿಗೆ ವಲಸೆ ಬಂದ ಕಾರ್ಮಿಕರು ಕಟ್ಟಿದ ಸಂಘಗಳ ಇತಿಹಾಸ’ ಎಂಬ ಮಾತನ್ನು ನೋಡಿರಿ. ಇಲ್ಲಿ ಮುಖ್ಯ ಪದವಾದ ‘ಇತಿಹಾಸ’ ಕೊನೆಯಲ್ಲಿದೆ. ಇಂಗ್ಲಿಷಿನಲ್ಲಿ ಇದೇ ಮಾತು ಇತಿಹಾಸದಿಂದ ಆರಂಭವಾಗಿ, ಸಂಘಗಳಿಗೆ, ಅವನ್ನು ಕಟ್ಟಿದ ಕಾರ್ಮಿಕರಿಗೆ, ಅವರು ವಲಸೆ ಬಂದ ನಗರಗಳಿಗೆ ಸಾಗುತ್ತದೆ. ಕ್ರಮ ಪೂರ್ತಿ ತಿರುಗುಮುರುಗು. ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುತ್ತ ಓದುವವರು ವಾಕ್ಯದ ತುದಿಗೆ ಹೋಗಿ, ಮತ್ತೆ ಮೊದಲಿಗೆ ಬಂದು, ಅದನ್ನು ಹೊಸದಾಗಿ ಜೋಡಿಸಬೇಕಾಗುತ್ತದೆ. ದಣಿವು ಬರುವುದು ಅಲ್ಲಿಂದ.

ಇದಕ್ಕೆ ಪರಿಹಾರವೆಂದರೆ ಇಂಗ್ಲಿಷ್ ವಾಕ್ಯವನ್ನು ಅದರದೇ ಕ್ರಮದಲ್ಲಿ, ತುಂಡುತುಂಡಾಗಿ ಸ್ವೀಕರಿಸುವ ಅಭ್ಯಾಸ. ಮೊದಲು ಕರ್ತೃ ಯಾರು, ಕ್ರಿಯೆ ಏನು ಎಂಬುದನ್ನು ಹಿಡಿಯಬೇಕು. ಮಿಕ್ಕದ್ದನ್ನು ಒಂದೊಂದಾಗಿ ಅದಕ್ಕೆ ತಗುಲಿಸುತ್ತ ಹೋಗಬೇಕು. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ, ಅರ್ಥ ಮುರಿಯುವೆಡೆಗಳಲ್ಲಿ ನಿಲ್ಲಿಸಿ ಓದಿದರೆ ಕೆಲವು ವಾರಗಳಲ್ಲಿ ಇದು ರೂಢಿಯಾಗುತ್ತದೆ. ಗಟ್ಟಿಯಾಗಿ ಓದುವುದು ಪ್ರಾಥಮಿಕ ಶಾಲೆಯ ಮಕ್ಕಳ ಕೆಲಸವೆಂದು ನಾಚಿಕೊಳ್ಳಬೇಕಾಗಿಲ್ಲ.

ಇನ್ನು ಕೆಲವು ಸಣ್ಣ ಪದಗಳು ದೊಡ್ಡ ಅನರ್ಥಕ್ಕೆ ಎಡೆಮಾಡುತ್ತವೆ. ‘ಎಲ್ಲ ಸದಸ್ಯರೂ ಒಪ್ಪಲಿಲ್ಲ’ ಎಂದರೆ ಕನ್ನಡದಲ್ಲಿ ಒಬ್ಬರೂ ಒಪ್ಪಲಿಲ್ಲ ಎಂದೂ ಆಗಬಹುದು, ಕೆಲವರು ಒಪ್ಪಲಿಲ್ಲ ಎಂದೂ ಆಗಬಹುದು. ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಗದ್ಯದಲ್ಲಿ ‘ನಾಟ್ ಆಲ್’ ಎಂದಿದ್ದರೆ ಕೆಲವರಾದರೂ ಒಪ್ಪಿದ್ದಾರೆ ಎಂಬ ಸೂಚನೆಯುಂಟು. ‘ನನ್’ ಎಂದರೆ ಒಬ್ಬರೂ ಇಲ್ಲ. ‘ಮೇ’, ‘ಮೈಟ್’, ‘ಕ್ಯಾನ್’ ಇವು ಮೂರಕ್ಕೂ ನಾವು ‘ಬಹುದು’ ಎಂಬ ಒಂದೇ ಪ್ರತ್ಯಯದಲ್ಲಿ ತೃಪ್ತರಾಗುತ್ತೇವೆ. ಆದರೆ ಸಾಮರ್ಥ್ಯ ಬೇರೆ, ಸಂಭವ ಬೇರೆ, ಕ್ಷೀಣ ಸಂಭವ ಬೇರೆ. ‘ಎ ಫ್ಯೂ’ ಎಂದರೆ ಕೆಲವು. ‘ಎ’ ಬಿಟ್ಟು ಬರೀ ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ‘ಹಾರ್ಡ್‌ಲಿ’, ‘ಸೆಲ್ಡಮ್’, ‘ಅನ್‌ಲೆಸ್’ ಮುಂತಾದವುಗಳಲ್ಲಿ ‘ನಾಟ್’ ಕಾಣದಿದ್ದರೂ ನಿಷೇಧ ಅಡಗಿದೆ. ಪ್ರಶ್ನೆ ರಚಿಸುವವರು ತಪ್ಪು ಉತ್ತರವನ್ನು ಹೆಣೆಯುವಾಗ ಬದಲಿಸುವುದು ಅನೇಕ ವೇಳೆ ಇಂಥ ಒಂದು ಪದವನ್ನು ಮಾತ್ರ. ಪದಕೋಶದ ಸಾವಿರ ಕಠಿಣ ಪದಗಳಿಗಿಂತ ಈ ಐವತ್ತು–ಅರವತ್ತು ಸಣ್ಣ ಪದಗಳ ಮೇಲಿನ ಹಿಡಿತ ಹೆಚ್ಚು ಅಂಕ ತರುತ್ತದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಪೂರ್ವಪಕ್ಷ ಮತ್ತು ಸಿದ್ಧಾಂತ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ವಾದವನ್ನು ಮೊದಲು ಪೂರ್ವಪಕ್ಷವೆಂದು ಮಂಡಿಸಿ, ಅನಂತರ ಅದನ್ನು ವಿಮರ್ಶಿಸಿ, ಕೊನೆಗೆ ಸಿದ್ಧಾಂತವನ್ನು ಸ್ಥಾಪಿಸುವ ಪದ್ಧತಿಯಿದೆ. ಪ್ರವೇಶ ಪರೀಕ್ಷೆಯ ಗದ್ಯಭಾಗಗಳಲ್ಲಿ ಅನೇಕವು ಇದೇ ಎರಕದಲ್ಲಿ ಮೂಡಿದವು. ‘ಸಾಮಾನ್ಯವಾಗಿ ಹೀಗೆ ನಂಬಲಾಗಿದೆ’, ‘ಕೆಲವು ವಿದ್ವಾಂಸರು ಹೇಳುವಂತೆ’ ಎಂದು ಆರಂಭವಾದಲ್ಲಿ ಮುಂದೆ ಬರುವುದು ಲೇಖಕರ ಮತವಲ್ಲ. ‘ಹೌಎವರ್’, ‘ಯೆಟ್’, ‘ಬಟ್’ ಬಂದ ಮೇಲೆ ಅವರ ಸ್ವಂತ ಮಾತು ಹೊರಡುತ್ತದೆ. ಈ ತಿರುವನ್ನು ಗುರುತಿಸದವರು ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಭ್ರಮಿಸುತ್ತಾರೆ. ಇದಕ್ಕಾಗಿ ರಚಿಸಿದ ಒಂದು ಕಿರು ಉದಾಹರಣೆಯನ್ನು ಕನ್ನಡದಲ್ಲೇ ನೋಡೋಣ:

‘ಹಳ್ಳಿಯ ಕೆರೆಗಳು ಹಾಳಾಗಲು ಕೊಳವೆಬಾವಿಗಳೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಕೊಳವೆಬಾವಿ ಕಾಲಿಡದ ಊರುಗಳಲ್ಲೂ ಕೆರೆಗಳು ಹೂಳು ತುಂಬಿಕೊಂಡದ್ದುಂಟು. ಹೂಳೆತ್ತುವ ಹೊಣೆ ಊರಿನವರ ಕೈ ತಪ್ಪಿದಂದಿನಿಂದ ಕೆರೆಯನ್ನು ತಮ್ಮದೆಂದು ನೋಡಿಕೊಳ್ಳುವವರು ವಿರಳರಾದರು. ಕೊಳವೆಬಾವಿ ಈ ಉದಾಸೀನವನ್ನು ಬೆಳೆಸಿತೇ ಹೊರತು ಹುಟ್ಟಿಸಲಿಲ್ಲ.’

ಲೇಖಕರ ಅಭಿಪ್ರಾಯವೇನು ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳು ಹೀಗಿವೆಯೆನ್ನೋಣ. ಒಂದು, ಕೊಳವೆಬಾವಿಗಳಿಂದ ಕೆರೆಗಳು ಹಾಳಾದವು. ಎರಡು, ಕೆರೆಗಳ ಅವನತಿಯಲ್ಲಿ ಕೊಳವೆಬಾವಿಗಳ ಪಾತ್ರವೇನೂ ಇಲ್ಲ. ಮೂರು, ಹೊಣೆಯನ್ನು ಊರಿನವರಿಗೆ ಮರಳಿಸಿದರೆ ಕೆರೆಗಳು ಮತ್ತೆ ತುಂಬುತ್ತವೆ. ನಾಲ್ಕು, ಕೊಳವೆಬಾವಿಗಳು ಬರುವ ಮೊದಲೇ ಆರಂಭವಾಗಿದ್ದ ಉದಾಸೀನವು ಅವುಗಳಿಂದ ಹೆಚ್ಚಿತು.

ಮೊದಲನೆಯದು ಪೂರ್ವಪಕ್ಷ. ಎರಡನೆಯದು ಲೇಖಕರ ಮಾತನ್ನು ಅವರು ಒಪ್ಪದಷ್ಟು ದೂರ ಎಳೆಯುತ್ತದೆ. ‘ಬೆಳೆಸಿತು’ ಎಂದವರು ಪಾತ್ರವೇ ಇಲ್ಲವೆಂದು ಹೇಳಿಲ್ಲ. ಮೂರನೆಯದು ಅತ್ಯಂತ ಅಪಾಯಕಾರಿ, ಏಕೆಂದರೆ ಅದು ಒಳ್ಳೆಯ ಮಾತು. ಓದುಗರಿಗೆ ಅದು ನಿಜವೆನಿಸಬಹುದು, ಲೇಖಕರೂ ಕೇಳಿದರೆ ಒಪ್ಪಬಹುದು. ಆದರೆ ಗದ್ಯಭಾಗದಲ್ಲಿ ಅದು ಇಲ್ಲ. ನಾಲ್ಕನೆಯದೇ ಸರಿಯುತ್ತರ. ಇದು ಗದ್ಯಭಾಗದ ಯಾವ ವಾಕ್ಯವನ್ನೂ ಯಥಾವತ್ತಾಗಿ ಎತ್ತಿಕೊಂಡಿಲ್ಲ ಎಂಬುದನ್ನು ಗಮನಿಸಬೇಕು. ಗದ್ಯದ ಪದಗಳನ್ನೇ ಹೊತ್ತು ಬರುವ ಆಯ್ಕೆಗಳ ಬಗ್ಗೆ ಎಚ್ಚರ ಅಗತ್ಯ.

ಶಾಲೆಯ ಪರೀಕ್ಷೆಯಲ್ಲಿ ಗದ್ಯಭಾಗದ ಸಾಲನ್ನೇ ಹುಡುಕಿ ಉತ್ತರವಾಗಿ ಬರೆದು ಅಂಕ ಪಡೆದ ಅಭ್ಯಾಸ ನಮ್ಮಲ್ಲಿ ಬಹುಮಂದಿಗೆ ಇದೆ. ಆ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಹೀಗಾಗಿ ತಮ್ಮ ತಪ್ಪುಗಳಿಗಾಗಿ ಒಂದು ನೋಟ್‌ಬುಕ್ಕನ್ನು ಇಟ್ಟುಕೊಳ್ಳಬೇಕು. ಸರಿಯುತ್ತರವನ್ನು ಬರೆದುಕೊಂಡರೆ ಪ್ರಯೋಜನವಿಲ್ಲ. ತಾವು ಆರಿಸಿದ ತಪ್ಪು ಉತ್ತರ ಯಾವ ಜಾತಿಯದು, ಪೂರ್ವಪಕ್ಷವೇ, ಅತಿಯಾದುದೇ, ಗದ್ಯದ ಹೊರಗಿನದೇ ಎಂದು ಬರೆದುಕೊಳ್ಳಬೇಕು. ಒಬ್ಬೊಬ್ಬರದು ಒಂದೊಂದು ಚಾಳಿ. ಮೂವತ್ತು–ನಲವತ್ತು ತಪ್ಪುಗಳನ್ನು ಹೀಗೆ ವಿಂಗಡಿಸಿದಾಗ ತನ್ನ ಚಾಳಿ ಯಾವುದೆಂಬುದು ಕಣ್ಣಿಗೆ ಕಾಣುತ್ತದೆ.

ವಾಕ್ಯಗಳನ್ನು ಕ್ರಮಪಡಿಸುವುದು

ಅದಲುಬದಲಾದ ನಾಲ್ಕು ವಾಕ್ಯಗಳನ್ನು ಸರಿಯಾದ ಕ್ರಮಕ್ಕೆ ತರುವ ಪ್ರಶ್ನೆಗಳಿಗೆ ಆಯ್ಕೆಗಳು ಇರುವುದಿಲ್ಲ. ಕ್ರಮಸಂಖ್ಯೆಯನ್ನು ತಾವೇ ದಾಖಲಿಸಬೇಕು. ಉದಾಹರಣೆಗೆ: 1. ಆದರೆ ಈ ಲೆಕ್ಕದಲ್ಲಿ ಮನೆಯೊಳಗಿನ ದುಡಿಮೆ ಸೇರುವುದಿಲ್ಲ. 2. ದೇಶದೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ಮೌಲ್ಯವನ್ನು ಕೂಡಿಸಿ ಒಟ್ಟು ದೇಶೀಯ ಉತ್ಪನ್ನವನ್ನು ಲೆಕ್ಕ ಹಾಕುತ್ತಾರೆ. 3. ಅದೇ ಅಡುಗೆಯನ್ನು ಹೋಟೆಲಿನಲ್ಲಿ ಸಂಬಳಕ್ಕೆ ಮಾಡಿದರೆ ಲೆಕ್ಕಕ್ಕೆ ಬರುತ್ತದೆ. 4. ತಾಯಿ ಮನೆಮಂದಿಗೆ ಮಾಡಿದ ಅಡುಗೆಗೆ ಅಲ್ಲಿ ಬೆಲೆಯಿಲ್ಲ.

‘ಈ ಲೆಕ್ಕ’ ಎನ್ನಬೇಕಾದರೆ ಲೆಕ್ಕದ ಪ್ರಸ್ತಾಪ ಮೊದಲೇ ಬಂದಿರಬೇಕು. ‘ಅದೇ ಅಡುಗೆ’ ಎನ್ನಬೇಕಾದರೆ ಅಡುಗೆ ಬಂದಿರಬೇಕು. ಕ್ರಮ 2, 1, 4, 3. ಇಂಗ್ಲಿಷಿನಲ್ಲೂ ‘ದಿಸ್’, ‘ಸಚ್’, ‘ದೀಸ್’ ಮತ್ತು ಸರ್ವನಾಮಗಳು ಇದೇ ರೀತಿ ಹಿಂದಿನ ವಾಕ್ಯಕ್ಕೆ ಕೊಕ್ಕೆ ಹಾಕುತ್ತವೆ. ಮೊದಲ ವಾಕ್ಯ ಯಾವುದೆಂದು ಹುಡುಕುತ್ತ ಕೂರುವುದಕ್ಕಿಂತ, ಬೇರ್ಪಡಿಸಲಾಗದ ಒಂದು ಜೋಡಿಯನ್ನು ಮೊದಲು ಕಂಡುಕೊಳ್ಳುವುದು ಸುಲಭ.

ಶಬ್ದಸಂಪತ್ತು ಮತ್ತು ವಿಷಯಜ್ಞಾನ

ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಪದಗಳ ಮೂಲಧಾತುಗಳನ್ನು ಅರಿಯುವುದು ಲೇಸು. ಆಹಾರ, ವಿಹಾರ, ಸಂಹಾರ, ಪ್ರಹಾರಗಳನ್ನು ಉಪಸರ್ಗಗಳ ಮೂಲಕ ಬಿಡಿಸಿಕೊಳ್ಳಬಲ್ಲ ಕನ್ನಡಿಗರಿಗೆ ಇದು ಹೊಸ ವಿದ್ಯೆಯಲ್ಲ. ‘ನೋಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಇಂಗ್ಲಿಷಿನ ಇನ್ಸ್‌ಪೆಕ್ಟ್, ಪ್ರಾಸ್ಪೆಕ್ಟ್, ರೆಟ್ರೊಸ್ಪೆಕ್ಟ್, ಸರ್ಕಮ್‌ಸ್ಪೆಕ್ಟ್ ಮೊದಲಾದವು ಬಂದಿವೆ. ನಮ್ಮ ‘ಸ್ಪಷ್ಟ’ ಎಂಬ ಪದವೂ ಇದೇ ಬಳಗದ ದೂರದ ನೆಂಟ.

ವಿಷಯದ ಪರಿಚಯ ಇದಕ್ಕಿಂತಲೂ ಮಹತ್ವದ್ದು. ಅಮೆರಿಕದಲ್ಲಿ ಡಾನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು 1988ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಶಾಲಾ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಓದಲು ಕೊಡಲಾಯಿತು. ಓದಿನಲ್ಲಿ ಹಿಂದುಳಿದಿದ್ದರೂ ಆ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಜಾಣರಾಗಿದ್ದು ಆಟವನ್ನು ಅರಿಯದ ಮಕ್ಕಳಿಗಿಂತ ಹೆಚ್ಚನ್ನು ಗ್ರಹಿಸಿ ನೆನಪಿಟ್ಟುಕೊಂಡಿದ್ದರು. ಕ್ಯಾಟ್ ಗದ್ಯಭಾಗಗಳು ಇತಿಹಾಸ, ಅರ್ಥಶಾಸ್ತ್ರ, ಮಾನವಶಾಸ್ತ್ರ, ಪರಿಸರ, ತತ್ತ್ವಶಾಸ್ತ್ರ, ಕಲೆ ಹೀಗೆ ಹಲವು ಕ್ಷೇತ್ರಗಳಿಂದ ಬರುತ್ತವೆ. ಇಂಜಿನಿಯರಿಂಗ್ ಅಥವಾ ವಾಣಿಜ್ಯ ಓದಿದವರು ಈ ಕ್ಷೇತ್ರಗಳ ಮೊದಲ ಪರಿಚಯವನ್ನು ಕನ್ನಡದಲ್ಲೇ ಮಾಡಿಕೊಳ್ಳಬಹುದು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ ಸಸ್ಯಲೋಕವನ್ನು ಕುರಿತ ಗದ್ಯಭಾಗ ಅಪರಿಚಿತ ಪ್ರದೇಶವೆನಿಸದು. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ಪ್ರಕಟಿಸುವ ಪುಸ್ತಕಗಳೂ ಇದಕ್ಕೆ ಒದಗುತ್ತವೆ. ಜೊತೆಯಲ್ಲೇ ಇಂಗ್ಲಿಷ್ ಓದೂ ನಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಚೆನ್ನೈಯ ಕನ್ನೆಮಾರ ಸಾರ್ವಜನಿಕ ಗ್ರಂಥಾಲಯ, ಮುಂಬಯಿಯ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ ಇವು ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಗಳನ್ನು 1954ರ ಶಾಸನದ ಮೇರೆಗೆ ಪಡೆಯುವ ಗ್ರಂಥಾಲಯಗಳು. ಐ.ಐ.ಟಿ. ಖರಗಪುರ ರೂಪಿಸಿರುವ ಭಾರತೀಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಮನೆಯಿಂದಲೇ ಉಚಿತವಾಗಿ ಬಳಸಬಹುದು.

ಅಭ್ಯಾಸದ ಕ್ರಮ

ಆರು ತಿಂಗಳ ಅವಧಿಯಿದ್ದಲ್ಲಿ ಮೊದಲ ಮೂರು ತಿಂಗಳು ಗಡಿಯಾರವನ್ನು ದೂರವಿಡುವುದು ಸೂಕ್ತ. ಪ್ರತಿದಿನ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟದ ಒಂದು ಲೇಖನವನ್ನೋ ಹಿಂದಿನ ಪ್ರಶ್ನೆಪತ್ರಿಕೆಯ ಒಂದು ಗದ್ಯಭಾಗವನ್ನೋ ಓದಿ, ಅದನ್ನು ಮುಚ್ಚಿಟ್ಟು, ಲೇಖಕರ ವಾದವನ್ನು ಎರಡು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯಬೇಕು. ಓದುತ್ತಿರುವಾಗ ಮನಸ್ಸಿನಲ್ಲಿ ಅನುವಾದಿಸಬಾರದೆಂದು ಮೇಲೆ ಹೇಳಿದ್ದಕ್ಕೂ ಇದಕ್ಕೂ ವಿರೋಧವಿಲ್ಲ. ಓದು ಮುಗಿದ ಮೇಲೆ ಸಾರವನ್ನು ತನ್ನ ಭಾಷೆಯಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಇಂಗ್ಲಿಷಿನಲ್ಲಾದರೆ ಮೂಲದ ಪದಗಳನ್ನೇ ಮರಳಿ ಜೋಡಿಸಿ ಅರ್ಥವಾಯಿತೆಂದು ನಮ್ಮನ್ನು ನಾವೇ ವಂಚಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಕನ್ನಡ ಸಂಘದ ಕೊಠಡಿಯಲ್ಲಿ ನಾಲ್ಕು ಮಂದಿ ವಾರಕ್ಕೊಮ್ಮೆ ಕೂಡಿ ಒಂದೇ ಗದ್ಯಭಾಗಕ್ಕೆ ತಮ್ಮ ಉತ್ತರಗಳನ್ನು ಕಾರಣಸಹಿತ ಸಮರ್ಥಿಸಿಕೊಂಡರೆ ಇನ್ನೂ ಉತ್ತಮ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ದುಡಿದು ಬಂದ ಹುಡುಗರು ಒಟ್ಟಿಗೆ ಕುಳಿತು ಓದಿ ಮೇಲೆ ಬಂದ ನಿದರ್ಶನಗಳು ನಮ್ಮ ಮುಂದಿವೆ.

ನಾಲ್ಕನೆಯ ತಿಂಗಳಿನಿಂದ 40 ನಿಮಿಷಗಳ ಪೂರ್ಣ ವಿಭಾಗವನ್ನು ಗಡಿಯಾರ ಇಟ್ಟುಕೊಂಡು ಬರೆಯಬೇಕು. ನಾಲ್ಕು ಗದ್ಯಭಾಗಗಳ ಆರಂಭದ ಸಾಲುಗಳನ್ನು ಮೊದಲು ನೋಡಿ, ಸುಲಭವೆನಿಸಿದ್ದನ್ನು ಮುಂದಿಟ್ಟು, ಅತಿ ಕಠಿಣವಾದುದನ್ನು ಕೊನೆಗೆ ಬಿಡಬೇಕು. ಎಲ್ಲವನ್ನೂ ಮುಗಿಸಲೇಬೇಕೆಂಬ ಹಟ ಬೇಡ.

ಊಹೆಯ ಉತ್ತರಗಳ ಬಗ್ಗೆಯೂ ಒಂದು ಲೆಕ್ಕವಿದೆ. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆಗಳಿರುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಒಂದು ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಆರಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು. ಬಂದದ್ದು ಮೂರು, ಹೋದದ್ದು ಮೂರು, ಉಳಿದದ್ದು ಸೊನ್ನೆ. ಒಂದು ಆಯ್ಕೆಯನ್ನು ಕಾರಣಸಹಿತ ಹೊಡೆದುಹಾಕಲು ಸಾಧ್ಯವಾದರೆ ಅಂಥ ಮೂರು ಪ್ರಶ್ನೆಗಳಿಗೆ ಸರಾಸರಿ ಒಂದು ಅಂಕ ಲಾಭ. ಎರಡನ್ನು ಹೊಡೆದುಹಾಕಿದರೆ ಎರಡು ಪ್ರಶ್ನೆಗಳಿಗೆ ಎರಡು ಅಂಕ. ಆಯ್ಕೆಗಳಿಲ್ಲದ, ತಾವೇ ದಾಖಲಿಸಬೇಕಾದ ಉತ್ತರಗಳಿಗೆ ಕಡಿತವಿಲ್ಲವಾದ್ದರಿಂದ ಅವನ್ನು ಖಾಲಿ ಬಿಡಲು ಕಾರಣವೇ ಇಲ್ಲ. ವಿಕಲಚೇತನ ಅಭ್ಯರ್ಥಿಗಳಿಗೆ ಪ್ರತಿ ವಿಭಾಗಕ್ಕೆ 13 ನಿಮಿಷ 20 ಸೆಕೆಂಡು ಹೆಚ್ಚುವರಿ ಕಾಲಾವಕಾಶ ನೀಡಲಾಗುತ್ತದೆ. ಪ್ರಶ್ನೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ತುಸು ಬದಲಾಗುವುದುಂಟು; ಆದಕಾರಣ ಆಯಾ ವರ್ಷದ ಅಧಿಸೂಚನೆಯನ್ನು ಓದಿ, ಪರೀಕ್ಷೆಗೆ ಮುನ್ನ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಒದಗಿಸಲಾಗುವ ಅಣಕು ಪರೀಕ್ಷೆಯನ್ನು ಒಮ್ಮೆಯಾದರೂ ಬರೆದು ನೋಡಬೇಕು.